ಇಪ್ಪತ್ತು ಬಿಡಿ ಸಿಗಾರ್

ಪಿನಾರ್ ದೆಲ್ ರಿಯೋ, ಕ್ಯೂಬಾ
14 ಜನವರಿ 2023

ನಿಕಾನೋರ್,

ಈ ಕೈಬರಹ ಯಾರದೆಂದು ಯೋಚಿಸುತ್ತಾ ಕೂರಬೇಡ. ಎವೇಲಿಯೋ ಕ್ರೆಸ್ಪೋ ಬರೆಯುತ್ತಿದ್ದೇನೆ. ಸಿಗಾರ್ ಕಾರ್ಖಾನೆಯಲ್ಲಿ ಹದಿನಾಲ್ಕು ವರ್ಷ ನಿನ್ನ ಪಕ್ಕದ ಮೇಜಿನಲ್ಲಿ ಕೂತು ಸುತ್ತಿದವನು. ನೀನು ದೋಣಿ ಹತ್ತಿ ಅಮೆರಿಕಾಕ್ಕೆ ಹೋದದ್ದು ಎಂಬತ್ತನೇ ಇಸವಿಯಲ್ಲಿ. ಅಂದಿನಿಂದ ನೀನೂ ಒಂದು ಸಾಲು ಬರೆಯಲಿಲ್ಲ, ನಾನೂ ಬರೆಯಲಿಲ್ಲ. ಆ ಲೆಕ್ಕದಲ್ಲಿ ಇಬ್ಬರೂ ಸಮ.

ಈಗ ಬರೆಯಲು ಕಾರಣ ಟ್ಯಾಂಪಾದಲ್ಲಿ ನಿನ್ನ ಬೀದಿಯಲ್ಲೇ ಇರುವ ಒದಾಲಿಸ್. ಅಕ್ಕನನ್ನು ನೋಡಲು ಇಲ್ಲಿಗೆ ಬಂದಿದ್ದಳು. ನಿನ್ನ ಸುದ್ದಿ ಕೇಳಿದೆ. "ನಿಕಾನೋರ್ ಸಿಗಾರ್ ಸೇದೋದೇ ಬಿಟ್ಬಿಟ್ಟಿದ್ದಾರೆ. ಯಾಕೆ ಅಂದ್ರೆ, ಇಲ್ಲಿ ಸಿಗೋದನ್ನ ಸೇದೋ ಬದ್ಲು ಒಲೆ ಮುಂದೆ ಬಾಯಿ ತೆರ್ಕೊಂಡು ಕೂತ್ಕೋಬಹುದು ಅಂತಾರೆ. ಏಪ್ರಿಲ್‌ಗೆ ಎಂಬತ್ತು ತುಂಬುತ್ತೆ ಅವರಿಗೆ" ಎಂದಳು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ನಿನ್ನ ನಾಲಿಗೆ ಹಾಗೇ ಇದೆ ಎಂದು ಸಂತೋಷವಾಯಿತು.

ಎಂಬತ್ತು ತುಂಬುವ ದಿನ ನೀನು ಒಲೆಯ ಮುಂದೆ ಕೂರುವುದು ಬೇಡ. ನಮಗೆ ದಿನವೂ ಸೇದಲು ಕೊಡುವ ಪಾಲು ಇದೆಯಲ್ಲ, ಅದನ್ನು ಉಳಿಸಿ ಐವತ್ತು ಸಿಗಾರ್ ಒದಾಲಿಸ್ ಕೈಯಲ್ಲಿ ಕಳಿಸುತ್ತಿದ್ದೇನೆ. ಎಲ್ಲವೂ ನನ್ನ ಕೈಯವೇ. ಈಗ ನಾನು ಹೊಸಬರಿಗೆ ಕಲಿಸುವ ಮೇಷ್ಟ್ರು. ಆದರೆ ದಿನಕ್ಕಿಷ್ಟು ಸುತ್ತದೆ ಮೇಜು ಬಿಟ್ಟೇಳುವುದಿಲ್ಲ. ಎಪ್ಪತ್ತೊಂಬತ್ತರಲ್ಲೂ ನನ್ನ ಕೈ ಒಂದಿಷ್ಟೂ ನಡುಗುವುದಿಲ್ಲ, ಬರೆದಿಟ್ಟುಕೋ.

ಸೇದಿ ನೋಡಿ, ಹೇಗಿದೆ ಎಂದು ಒಂದು ಸಾಲು ಬರೆ. ಬೇರೇನೂ ಬರೆಯಬೇಕಿಲ್ಲ.

ಪಕ್ಕದ ಮೇಜಿನವನು,
ಎವೇಲಿಯೋ


ಟ್ಯಾಂಪಾ, ಫ್ಲಾರಿಡಾ
2 ಮಾರ್ಚ್ 2023

ಶ್ರೀ ಎವೇಲಿಯೋ ಕ್ರೆಸ್ಪೋ ಅವರಿಗೆ,

ನಿಮ್ಮ ಪತ್ರ ತಲುಪಿತು. ಸಿಗಾರ್ ತಲುಪಲಿಲ್ಲ. ಅವು ಹವಾನಾ ವಿಮಾನ ನಿಲ್ದಾಣದಲ್ಲೇ ಉಳಿದವು. ಒದಾಲಿಸ್ ನನ್ನ ಅಡುಗೆಮನೆಯಲ್ಲಿ ಕೂತು ಅಳುತ್ತಾ ಹೇಳಿದ್ದನ್ನು ಹಾಗೇ ಬರೆಯುತ್ತೇನೆ.

"ಎಷ್ಟಿವೆಯಮ್ಮಾ?" ಎಂದಳಂತೆ ಸುಂಕದ ಅಧಿಕಾರಿ.

"ಐವತ್ತು."

"ಪೆಟ್ಟಿಗೆ ಎಲ್ಲಿ? ಅದರ ಮೇಲಿನ ಮುದ್ರೆ ಎಲ್ಲಿ?"

"ಪೆಟ್ಟಿಗೆ ಇಲ್ಲ, ಕಟ್ಟು. ನಮ್ಮೂರಲ್ಲಿ ಹೀಗೇ ಕಟ್ಟೋದು."

"ನಿಮ್ಮೂರಲ್ಲಿ ಕಟ್ಟಿ. ಇಲ್ಲಿ ಬಿಚ್ಚಿ."

ಐವತ್ತು ಸಿಗಾರ್‌ಗಳನ್ನು ರಿಬ್ಬನ್ನಿನಲ್ಲಿ ಬಿಗಿದು, ಕಾರ್ಖಾನೆಯಲ್ಲಿ 'ಅರ್ಧ ಚಕ್ರ' ಎಂದು ಕರೆಯುವ ಐವತ್ತರ ಕಟ್ಟನ್ನೇ ಕಟ್ಟಿ ಕಳಿಸಿದ್ದೀರಿ. ಸಿಗಾರ್ ಸುತ್ತುವವರು ಮಾತ್ರ ಮಾಡಬಹುದಾದ ತಪ್ಪು ಇದು. ಅಂಗಡಿಯವನೋ ಪ್ರವಾಸಿಯೋ ಆಗಿದ್ದರೆ ಮೊದಲು ನಿಯಮ ಕೇಳುತ್ತಿದ್ದ. ನಿಮ್ಮ ಕೈ ಐವತ್ತಕ್ಕೆ ತಾನಾಗಿ ನಿಲ್ಲುತ್ತದೆ, ದೇಶದ ಕಾನೂನೂ ಅಲ್ಲೇ ನಿಲ್ಲಬೇಕೆಂದು ನೀವು ತಿಳಿದಿದ್ದೀರಿ.

ನಾನು ಇಲ್ಲಿ ಮೂವತ್ತೊಂದು ವರ್ಷ ಬಂದರಿನ ಸರಕಿಗೆ ಸುಂಕದ ಕಾಗದ ತುಂಬುವ ಕಚೇರಿಯಲ್ಲಿ ದುಡಿದಿದ್ದೇನೆ. ನಾನು ಹೇಳುತ್ತೇನೆ, ಕೇಳಿ. ಕ್ಯೂಬಾದಿಂದ ಹೊರಡುವ ಪ್ರಯಾಣಿಕ ಇಪ್ಪತ್ತು ಬಿಡಿ ಸಿಗಾರ್ ಒಯ್ಯಬಹುದು, ಯಾವ ಕಾಗದವೂ ಬೇಡ. ಇಪ್ಪತ್ತು ದಾಟಿ ಐವತ್ತರವರೆಗೆ ಒಯ್ಯಲು ತೆರೆಯದ ಪೆಟ್ಟಿಗೆ ಬೇಕು, ಅದರ ಮೇಲೆ ಸರ್ಕಾರದ ಹೊಳೆಯುವ ಮುದ್ರೆ ಇರಬೇಕು. ಐವತ್ತೂ ದಾಟಿದರೆ ಅಂಗಡಿಯ ರಸೀದಿ ಬೇಕು. ಇದು ನಿಮ್ಮ ಕಡೆಯ ಬಾಗಿಲು.

ಇನ್ನು ನಮ್ಮ ಕಡೆಯದು. ಹವಾನಾದಲ್ಲಿ ಬಿಟ್ಟಿದ್ದರೂ ಟ್ಯಾಂಪಾದಲ್ಲಿ ಬಿಡುತ್ತಿರಲಿಲ್ಲ. ಕೆಲವು ವರ್ಷ ಸ್ವಂತಕ್ಕೆಂದು ಕ್ಯೂಬಾದ ಸಿಗಾರ್ ತರಲು ಅವಕಾಶ ಇತ್ತು. 2020ರ ಸೆಪ್ಟೆಂಬರ್‌ನಿಂದ ಅದೂ ಇಲ್ಲ. ಐವತ್ತಲ್ಲ, ಒಂದೂ ಇಲ್ಲ. ಒದಾಲಿಸ್‌ಗೆ ಇದು ಗೊತ್ತಿರಲಿಲ್ಲ. ನಿಮಗೂ ಗೊತ್ತಿರಲಿಲ್ಲ. ಇಬ್ಬರೂ ನನ್ನನ್ನು ಕೇಳಲಿಲ್ಲ.

ನೀವು ಕಷ್ಟಪಟ್ಟಿದ್ದಕ್ಕೆ ವಂದನೆ. ಇನ್ನು ಮುಂದೆ ಕಳಿಸುವುದು ಬೇಡ.

ಇಂತಿ,
ನಿಕಾನೋರ್ ಪುಲಿದೋ


ಪಿನಾರ್ ದೆಲ್ ರಿಯೋ
19 ಏಪ್ರಿಲ್ 2023

ಶ್ರೀಮಾನ್ ನಿಕಾನೋರ್ ಪುಲಿದೋ ಮಹಾಶಯರಿಗೆ,

ನನಗೆ 'ನೀವು' ಎಂದು ಬರೆದಿದ್ದೀಯ! ಒಂದೇ ಲೋಟದಲ್ಲಿ ಕಾಫಿ ಕುಡಿದವನಿಗೆ! ಇರಲಿ, ಬಂದರಿನ ಕಚೇರಿಯ ಭೂತ ಇನ್ನೂ ನಿನ್ನ ಮೈಮೇಲಿದೆ.

ನಿನ್ನ ಪತ್ರವನ್ನು ಏನು ಮಾಡಿದೆ ಗೊತ್ತೇ? ಕಾರ್ಖಾನೆಗೆ ಒಯ್ದು ಮಿರೇಯಾಳ ಕೈಗೆ ಕೊಟ್ಟೆ. ನಾವು ಸುತ್ತುವಾಗ ಎತ್ತರದ ಕುರ್ಚಿಯಲ್ಲಿ ಕೂತು ಬೆಳಿಗ್ಗೆ ಪತ್ರಿಕೆ, ಮಧ್ಯಾಹ್ನ ಕಾದಂಬರಿ ಓದಿ ಹೇಳುವವಳು ಈಗ ಅವಳೇ. ಆ ದಿನ ಕಾದಂಬರಿಯ ನಾಯಕಿ ಮೂರನೆಯ ಸಲ ಸಾಯುವುದರಲ್ಲಿದ್ದಳು, ಎಲ್ಲರಿಗೂ ಬೇಸರ ಹತ್ತಿತ್ತು. "ಇದನ್ನ ಓದಮ್ಮಾ" ಎಂದೆ. "ನಿಮ್ಮೂರಲ್ಲಿ ಕಟ್ಟಿ, ಇಲ್ಲಿ ಬಿಚ್ಚಿ" ಎಂಬಲ್ಲಿಗೆ ಬಂದಾಗ ನೂರು ಮಂದಿ ಎಲೆ ಕತ್ತರಿಸುವ ಚಾಕುವಿನಿಂದ ಮೇಜು ಕುಟ್ಟಿದರು. ಅಂಥ ಮೆಚ್ಚುಗೆ ಯಾವ ಕಾದಂಬರಿಗೂ ಸಿಕ್ಕಿಲ್ಲ. ಅರ್ಧ ಚಕ್ರದ ಮಾತಿಗಂತೂ ಒರ್ತೆನ್ಸಿಯಾ ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ನಮ್ಮ ಕಾಲದವಳು, ಕಿಟಕಿಯ ಬದಿ ಕೂರುತ್ತಿದ್ದಳಲ್ಲ, ಅವಳೇ. ಈಗ ಎಲ್ಲರೂ ನನ್ನನ್ನು 'ಐವತ್ತರ ಮೇಷ್ಟ್ರು' ಎಂದು ಕರೆಯುತ್ತಾರೆ. ಮುಂದಿನ ಪತ್ರ ಯಾವಾಗ ಎಂದು ದಿನವೂ ಕೇಳುತ್ತಾರೆ.

ಈಗ ಕೆಲಸದ ಮಾತು. ನಿನ್ನ ಎಂಬತ್ತು ಆಗಿಹೋಯಿತು, ನಾನು ಸೋತೆ. ಆದರೆ ಬಿಟ್ಟಿಲ್ಲ. ಒದಾಲಿಸ್ ಬೇಸಿಗೆಯಲ್ಲಿ ಮತ್ತೆ ಬರುತ್ತಾಳೆ. ಈ ಸಲ ಇಪ್ಪತ್ತೇ ಬಿಡಿ, ನಿನ್ನ ನಿಯಮದಂತೆ. ನಿಮ್ಮ ಕಡೆಯ ಬಾಗಿಲಿಗೆ ನನ್ನ ಹತ್ತಿರ ಉಪಾಯ ಇದೆ. ಬೇರೆ ದೇಶದ ಸಿಗಾರಿನ ಕಾಗದದ ಉಂಗುರಗಳು ಇಲ್ಲಿ ಒಬ್ಬನ ಬಳಿ ಇವೆ. ಒಂದೊಂದಕ್ಕೂ ಒಂದೊಂದು ತೊಡಿಸಿಬಿಡುತ್ತೇನೆ. ಕೇಳಿದರೆ, ಪನಾಮಾದಲ್ಲಿ ಕೊಂಡದ್ದು ಎಂದರಾಯಿತು. ನೋಡುವವನಿಗೆ ಉಂಗುರ ಕಾಣುತ್ತದೆಯೇ ಹೊರತು ಎಲೆಯ ಊರು ಕಾಣುವುದಿಲ್ಲ.

ಇಲ್ಲವೆನ್ನಬೇಡ. ನೀನೊಂದು ಸಲ ಸೇದಬೇಕು, ನಿಕಾನೋರ್. ನನ್ನ ಕೈಯದನ್ನು ನೀನು ಬಾಯಿಗಿಟ್ಟುಕೊಂಡೆ ಎಂದು ನನಗೆ ಗೊತ್ತಾಗಬೇಕು.

'ನೀನು' ಎಂದೇ ಕರೆಯುವ,
ಎವೇಲಿಯೋ


ಟ್ಯಾಂಪಾ
30 ಮೇ 2023

ಎವೇಲಿಯೋ,

ಸರಿ, 'ನೀನು' ಎಂದೇ ಬರೆಯುತ್ತೇನೆ. ಬೈಯಲು ಅದೇ ಅನುಕೂಲ.

ಉಂಗುರ ಬದಲಿಸಿದರೆ ಎಲೆಯ ಊರು ಬದಲಾಗುವುದಿಲ್ಲ. ಪನಾಮಾದಲ್ಲಿ ಕೊಂಡರೂ, ಚಂದ್ರನಲ್ಲಿ ಕೊಂಡರೂ, ಕ್ಯೂಬಾದ ಎಲೆ ಕ್ಯೂಬಾದ ಎಲೆಯೇ. ಒದಾಲಿಸ್ ಸುಳ್ಳು ಹೇಳಿ ಸಿಕ್ಕಿಬಿದ್ದರೆ ದಂಡ ತೆರುವವಳು ಅವಳು, ನೀನಲ್ಲ. ವರ್ಷಕ್ಕೆರಡು ಸಲ ಅಕ್ಕನನ್ನು ನೋಡಲು ಬರುವ ಹೆಂಗಸಿನ ಹೆಸರನ್ನು ಕಂಪ್ಯೂಟರಿನಲ್ಲಿ ಕೆಡಿಸಬೇಡ.

ನಿಯಮ ನಿಯಮ ಎಂದು ನಾನು ಕುಣಿಯುವುದು ನಿನಗೆ ತಮಾಷೆ. ಯಾಕೆ ಕುಣಿಯುತ್ತೇನೆಂದು ಹೇಳುತ್ತೇನೆ.

ನಾನು ಈ ದೇಶದಲ್ಲಿ ಇಳಿದಾಗ ನನ್ನ ಕೈಯಲ್ಲಿ ಒಂದು ಕಾಗದವೂ ಇರಲಿಲ್ಲ. ಮೈಮೇಲೆ ಒಂದೇ ಅಂಗಿ. ಹೊರಡುವ ದಿನ ನನ್ನವಳು ಜೊರಾಯ್ದಾ ಇಸ್ತ್ರಿ ಮಾಡಿಕೊಟ್ಟ ಬಿಳಿ ಅಂಗಿ. ಅದರ ಎದೆಯ ಮೇಲೆ ಮೊಟ್ಟೆ ಒಣಗಿ ಗಟ್ಟಿಯಾಗಿತ್ತು. ಎರಡು ದಿನದ ಬಿಸಿಲಿಗೆ ನಾರುತ್ತಿತ್ತು. ಹೆಸರು ಬರೆದುಕೊಳ್ಳುತ್ತಿದ್ದವನು ಮೂಗು ಮುಚ್ಚಿಕೊಂಡ. ಆ ದಿನ ತೀರ್ಮಾನಿಸಿದೆ, ಇನ್ನು ನನ್ನದೆಂಬ ಯಾವುದೂ ತಲೆ ತಗ್ಗಿಸಿಕೊಂಡು ಗಡಿ ದಾಟುವುದಿಲ್ಲ. ನಿನ್ನ ಸಿಗಾರೂ ಅಷ್ಟೆ.

ಹೊರಡುವ ದಿನ, ದೇಶ ಬಿಡಲು ಹೆಸರು ಕೊಟ್ಟವರಿಗೆ ಕಾರ್ಖಾನೆಯ ಬಾಗಿಲಲ್ಲಿ ಎಲ್ಲರೂ ಮೊಟ್ಟೆ ಎಸೆದರು. ಪಕ್ಷದವರು ಎಸೆಯಲು ಹಂಚಿದ್ದರು, ಎಸೆದರು. ಹೆಚ್ಚಿನವು ಗೋಡೆಗೆ ಬಿದ್ದವು, ಬೇಕೆಂದೇ ಗುರಿ ತಪ್ಪಿಸಿದವರೂ ಇದ್ದರು. ನನಗೆ ತಗುಲಿದ್ದು ಒಂದೇ. ಅದು ಎಡಗೈಯಿಂದ ಬಂತು. ನಮ್ಮ ಇಡೀ ಸಾಲಿನಲ್ಲಿ ಎಡಚ ಒಬ್ಬನೇ ಇದ್ದ.

ಜೊರಾಯ್ದಾ ಸಾಯುವವರೆಗೂ ಕೇಳುತ್ತಿದ್ದಳು, "ಯಾರು ಎಸೆದಿದ್ದು ಅಂತ ಗೊತ್ತಾಯ್ತಾ?" ಗೊತ್ತಿಲ್ಲ ಎಂದೇ ಹೇಳಿದೆ. ಅವಳು ನಿನ್ನ ಮಗಳಿಗೆ ಉಣ್ಣೆಯ ಟೊಪ್ಪಿಗೆ ಹೆಣೆದುಕೊಟ್ಟಿದ್ದಳು. ಅವಳಿಗೆ ಹೇಗೆ ಹೇಳಲಿ?

ಇನ್ನು ಸಿಗಾರಿನ ಮಾತು ಬೇಡ.

ನಿಕಾನೋರ್


ಪಿನಾರ್ ದೆಲ್ ರಿಯೋ
11 ಸೆಪ್ಟೆಂಬರ್ 2023

ನಿಕಾನೋರ್,

ಉತ್ತರ ತಡವಾಯಿತು. ಏನಾಯಿತೆಂದು ಮೊದಲು ಹೇಳುತ್ತೇನೆ, ಆಮೇಲೆ ನೀನು ಹರಿದು ಹಾಕಿದರೂ ಸರಿ.

ನಿನ್ನ ಪತ್ರ ಬಂದದ್ದು ಜುಲೈ ಮೊದಲ ವಾರ. ಒಡೆದು ಓದಲಿಲ್ಲ. ಹಿಂದಿನ ಪತ್ರಕ್ಕೆ ಬಿದ್ದ ಚಾಕುವಿನ ಸದ್ದು ನನ್ನ ತಲೆಗೇರಿತ್ತು. ಎಲ್ಲರೊಂದಿಗೆ ಕೂತು ಕೇಳೋಣವೆಂದು ಲಕೋಟೆಯನ್ನು ಹಾಗೇ ಮಿರೇಯಾಳ ಕೈಗೆ ಕೊಟ್ಟು, "ಓದಮ್ಮಾ, ಜೋರಾಗಿ ಓದು" ಎಂದು ಮೆರೆದೆ. ಚಂದ್ರನ ಮಾತಿಗೆ ಎಲ್ಲರೂ ನಕ್ಕರು. ಅಂಗಿಯ ಮಾತು ಬಂತು. ನಗು ನಿಂತಿತು. ಎಡಗೈಯ ಹತ್ತಿರ ಮಿರೇಯಾ ಓದುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು. ನನ್ನ ಎಡಗೈಯಲ್ಲಿ ಚಾಕು ಇತ್ತು. ನೂರು ಜನ ಅದನ್ನೇ ನೋಡುತ್ತಿದ್ದರು.

"ಓದ್ಲಾ ಮೇಷ್ಟ್ರೇ, ಬೇಡ್ವಾ?" ಎಂದಳು.

"ಓದಮ್ಮಾ, ಮುಗ್ಸು" ಎಂದೆ.

ಮುಗಿಸಿದಳು. ಯಾರೂ ಮೇಜು ಕುಟ್ಟಲಿಲ್ಲ. ಮಧ್ಯಾಹ್ನ ಒರ್ತೆನ್ಸಿಯಾ ಬಂದು ಪಕ್ಕದಲ್ಲಿ ಕೂತಳು. "ನಾನೂ ಎಸ್ದಿದ್ದೆ ಎವೇಲಿಯೋ. ನಂದು ತಪ್ಪಿಹೋಯ್ತು" ಎಂದಳು. "ನಂದು ತಪ್ಪಲಿಲ್ಲ" ಎಂದೆ. "ಗೊತ್ತು. ನಾನು ನಿನ್ನ ಹಿಂದೇನೇ ನಿಂತಿದ್ದೆ. ನೀನು ಗುರಿ ನೋಡಿದ್ದನ್ನ ನೋಡ್ದೆ" ಎಂದಳು. ನಲವತ್ತಮೂರು ವರ್ಷ ಗೊತ್ತಿದ್ದೂ ಸುಮ್ಮನಿದ್ದಳಲ್ಲ, ಪುಣ್ಯಾತ್ಗಿತ್ತಿ.

ಈಗ ನನ್ನ ಮಾತು. ಹಂಚಿದರು, ಎಸೆದೆ ಎಂದು ನಾನು ಹೇಳುವುದಿಲ್ಲ. ಬೇರೆಯವರು ಹೇಳಿಸಿಕೊಂಡು ಎಸೆದರು. ನಾನು ಎಸೆದದ್ದು ನನ್ನ ಸಿಟ್ಟಿಗೆ. ಹದಿನಾಲ್ಕು ವರ್ಷ ಮೊಣಕೈಗೆ ಮೊಣಕೈ ತಾಗಿಸಿ ಕೂತವನು ನೀನು, ನನಗೊಂದು ಮಾತು ಹೇಳದೆ ಹೊರಟಿದ್ದೆ. ಹಿಂದಿನ ದಿನವೂ ನನ್ನ ಕಾಫಿ ಕುಡಿದು, "ನಾಳೆ ಸಿಗೋಣ ಕಣೋ" ಎಂದಿದ್ದೆ. ಸಿಟ್ಟಿಗೆ ಕಾರಣ ಇತ್ತು. ಎಸೆದದ್ದಕ್ಕೆ ಇರಲಿಲ್ಲ. ಅದು ತಪ್ಪು, ನನ್ನದೇ ತಪ್ಪು. ಅಂದಿನಿಂದ ಅದು ನನ್ನನ್ನು ಬಿಟ್ಟಿಲ್ಲ. ನನ್ನನ್ನು ಕ್ಷಮಿಸು.

ಈ ಪತ್ರವನ್ನು ನಿನಗಿಂತ ಮೊದಲು ಕಾರ್ಖಾನೆ ಕೇಳಿದೆ. ನಿನ್ನ ಮಾತು ಎಲ್ಲರೆದುರು ಓದಿಸಿದ ಮೇಲೆ ನನ್ನದನ್ನು ಬಚ್ಚಿಟ್ಟುಕೊಂಡರೆ ಹೇಗೆ? ಇಲ್ಲಿಯವರೆಗೆ ಬರೆದದ್ದನ್ನು ಮಿರೇಯಾ ಇವತ್ತು ಬೆಳಿಗ್ಗೆ ಓದಿದಳು. ಮೊದಲು ಒರ್ತೆನ್ಸಿಯಾ ಮೇಜು ಕುಟ್ಟಿದಳು, ಆಮೇಲೆ ಉಳಿದವರು.

ಇನ್ನೊಂದೇ ಮಾತು. ಮೊಮ್ಮಗಳು ಯಾನೆಲಿಸ್ ಕೆನಡಾದ ವಿಂಡ್ಸರ್ ಊರಿನಲ್ಲಿ ದಾದಿಯಾಗಿದ್ದಾಳೆ. ನದಿಯ ಈಚೆ ಅವಳ ಮನೆ, ಆಚೆ ನಿಮ್ಮ ಡೆಟ್ರಾಯಿಟ್ ಅಂತೆ. ಅಕ್ಟೋಬರ್ ಕೊನೆಗೆ ಎರಡು ವಾರ ಇಲ್ಲಿಗೆ ಬರುತ್ತಾಳೆ. ಈ ಸಲ ನಾನಾಗಿ ಯಾವ ಉಪಾಯವನ್ನೂ ಹೂಡುವುದಿಲ್ಲ. ನಿಯಮ ಏನು, ನೀನು ಹೇಳು. ಹಾಗೇ ಮಾಡುತ್ತೇನೆ.

ಎಡಚ,
ಎವೇಲಿಯೋ


ಟ್ಯಾಂಪಾ
9 ಅಕ್ಟೋಬರ್ 2023

ಎವೇಲಿಯೋ,

ನಿಯಮ ಕೇಳಿದ್ದೀಯ, ಹೇಳುತ್ತೇನೆ.

ಯಾನೆಲಿಸ್ ಹವಾನಾದಿಂದ ಇಪ್ಪತ್ತು ಬಿಡಿ ಸಿಗಾರ್ ತರಲಿ. ಇಪ್ಪತ್ತೊಂದಲ್ಲ. ರಿಬ್ಬನ್ ಕಟ್ಟಿ ಶೃಂಗಾರ ಮಾಡಬೇಡ. ಎರಡು ದಿನಕ್ಕಿಂತ ಹೆಚ್ಚು ಹೊರಗಿದ್ದು ಮರಳುವವರಿಗೆ ಕೆನಡಾ ಐವತ್ತರವರೆಗೆ ಸುಂಕವಿಲ್ಲದೆ ಬಿಡುತ್ತದೆ. ಅವಳು ಕೇಳುವ ಮೊದಲೇ ಬಾಯಿಬಿಟ್ಟು ಹೇಳಲಿ, ಕೊಂಡಲ್ಲ, ತಾತ ಸುತ್ತಿಕೊಟ್ಟದ್ದು ಎಂದು. ಅಲ್ಲಿಗೆ ಅವಳ ಕೆಲಸ ಮುಗಿಯಿತು. ನದಿ ದಾಟಿಸುವುದು ಬೇಡ. ಆ ದಡದಲ್ಲಿ ಅದು ಸಿಗಾರ್, ಈ ದಡಕ್ಕೆ ಬಂದರೆ ಅಪರಾಧ.

ಆದರೆ ನಮ್ಮ ಕಾನೂನಿನಲ್ಲೇ ಇನ್ನೊಂದು ಸಾಲಿದೆ. ಅದನ್ನು ನಾಲ್ಕು ಸಲ ಓದಿ ಖಚಿತ ಮಾಡಿಕೊಂಡಿದ್ದೇನೆ. ಈ ದೇಶದವನು ಮೂರನೆಯ ದೇಶಕ್ಕೆ ಹೋಗಿ, ಅಲ್ಲಿರುವಾಗ, ತನ್ನ ಮಟ್ಟಿಗೆ ಕ್ಯೂಬಾದ ಸಿಗಾರ್ ಸೇದಬಹುದು. ಯಾರೂ ಕೇಳುವಂತಿಲ್ಲ. ಮರಳುವಾಗ ಅರ್ಧ ಸುಟ್ಟ ತುಂಡೂ ಜೇಬಿನಲ್ಲಿರಬಾರದು, ಅಷ್ಟೆ.

ಹಾಗಾಗಿ ನವೆಂಬರ್ ಹದಿನೇಳಕ್ಕೆ ಡೆಟ್ರಾಯಿಟ್‌ಗೆ ಟಿಕೆಟ್ ತೆಗೆದಿದ್ದೇನೆ. ಸೇತುವೆಯ ಈಚೆ ಬಂದು ಕರೆದುಕೊಂಡು ಹೋಗಲು ಮೊಮ್ಮಗಳಿಗೆ ಹೇಳು. ನಾನು ಹೋಗುತ್ತಿರುವುದು ಹೊಗೆಸೊಪ್ಪಿಗಾಗಿ. ನಿನಗಾಗಿ ಎಂದು ತಿಳಿದು ಬೀಗಬೇಡ.

ನಿನ್ನ ಉಳಿದ ಮಾತಿಗೆ ಸಿಗಾರ್ ಸೇದಿದ ಮೇಲೆ ಉತ್ತರಿಸುತ್ತೇನೆ.

ನಿಕಾನೋರ್


ಟ್ಯಾಂಪಾ
27 ನವೆಂಬರ್ 2023

ಎವೇಲಿಯೋ,

ಸೇದಿದೆ.

ಯಾನೆಲಿಸ್ ಹಿತ್ತಿಲಲ್ಲಿ ಕುರ್ಚಿ ಹಾಕಿ ನನ್ನ ಮೇಲೆ ಎರಡು ಕಂಬಳಿ ಹೊದಿಸಿದಳು. ಆ ಊರಿನ ಚಳಿ ಮನುಷ್ಯರಿಗೆ ಹೇಳಿ ಮಾಡಿಸಿದ್ದಲ್ಲ. ಇಪ್ಪತ್ತನ್ನೂ ಒಂದು ಬಟ್ಟೆಯಲ್ಲಿ ಸುತ್ತಿ ತಂದು ತೊಡೆಯ ಮೇಲಿಟ್ಟಳು. ಬಿಚ್ಚಿ ಮೂಸಿದೆ. ಅವಳು ನನ್ನ ಮುಖವನ್ನೇ ನೋಡುತ್ತಾ ನಿಂತಿದ್ದಳು.

"ಏನಮ್ಮಾ ನೋಡ್ತಿದೀಯ?"

"ನೀವು ಸೇದುವಾಗ ಮುಖ ನೋಡ್ಬೇಕಂತೆ. ನೋಡಿ ಫೋನ್ ಮಾಡು ಅಂದಿದ್ದಾರೆ ತಾತ."

"ಏನಂತ ಹೇಳ್ತೀಯ?"

"ಅಳ್ತಿದ್ರು ಅಂತ."

"ಹೊಗೆ ಕಣಮ್ಮಾ ಅದು."

"ಇನ್ನೂ ಹೊತ್ತಿಸ್ಲೇ ಇಲ್ವಲ್ಲಾ!"

ಮಾತಿನಲ್ಲಿ ಥೇಟ್ ನಿನ್ನ ಮೊಮ್ಮಗಳೇ. ಅಳುತ್ತಿದ್ದೆ, ಹೌದು. ಫೋನಿನಲ್ಲಿ ಅವಳು ಹೇಳಿರುತ್ತಾಳೆ, ಮುಚ್ಚಿಟ್ಟು ಪ್ರಯೋಜನವಿಲ್ಲ.

ಮೂರು ದಿನ ಇದ್ದೆ, ಆರು ಸೇದಿದೆ. ಕೇಳು ನನ್ನ ತೀರ್ಪು. ಎಲೆ ಒಳ್ಳೆಯದು. ಹೊಗೆಯ ಎಳೆತ ಹಗುರ, ಬೂದಿ ಉದುರದೆ ಎರಡು ಬೆರಳಿನಷ್ಟು ನಿಂತಿತು. ಮೊದಲ ನಾಲ್ಕು ಹಿಂದಿನಂತೆಯೇ. ಕಣ್ಣು ಮುಚ್ಚಿದರೆ ಪಕ್ಕದ ಮೇಜಿನಲ್ಲಿ ನಿನ್ನ ಗೊಣಗಾಟ ಕೇಳಬೇಕು. ಐದನೆಯದರಲ್ಲಿ, ಬಾಯಿಗಿಡುವ ತುದಿಗೆ ಅಂಟಿಸುವ ಎಲೆಯ ಟೊಪ್ಪಿಗೆ ಸಡಿಲವಿತ್ತು. ಆರನೆಯದರಲ್ಲಿ ಅದು ಎರಡು ಕಡೆ ಮಡಚಿತ್ತು, ನೀನು ಅಂಟು ಹೆಚ್ಚು ಸವರಿ ಮರೆಸಿದ್ದೆ. ಬೇರೆ ಯಾರಿಗೂ ಕಾಣುತ್ತಿರಲಿಲ್ಲ. ಉಳಿದ ಹದಿನಾಲ್ಕನ್ನೂ ಬೆಳಕಿಗೆ ಹಿಡಿದು ನೋಡಿದೆ. ಒಂಬತ್ತರಲ್ಲಿ ಅದೇ ದೋಷ ಇದೆ. ನಿನ್ನ ಕೈ ನಡುಗುತ್ತಿದೆ, ಸುಳ್ಳುಗಾರ. ಬರೆದಿಟ್ಟುಕೋ ಎಂದೆಯಲ್ಲ, ಬರೆದಿಟ್ಟುಕೊಂಡಿದ್ದೆ.

ಮರಳುವಾಗ ಸೇತುವೆಯ ಈಚೆ ಅಧಿಕಾರಿ ತಡೆದ.

"ಮದ್ಯ, ಹೊಗೆಸೊಪ್ಪು ಏನಾದ್ರೂ ಇದ್ಯಾ?"

"ಇಲ್ಲ. ಹದಿನಾಲ್ಕು ಕ್ಯೂಬಾ ಸಿಗಾರ್ ಆ ದಡದಲ್ಲೇ ಬಿಟ್ಟು ಬಂದಿದೀನಿ."

"ಕೋಟೆಲ್ಲಾ ವಾಸನೆ ಹೊಡೀತಿದೆ ತಾತ."

"ವಾಸನೆಗೆ ನಿಯಮ ಇಲ್ಲಪ್ಪ. ಪೂರ್ತಿ ಓದಿದೀನಿ."

ನಕ್ಕು ಬಿಟ್ಟುಬಿಟ್ಟ. ಆ ಕೋಟನ್ನು ಇನ್ನೂ ಒಗೆದಿಲ್ಲ, ಒಗೆಯುವುದೂ ಇಲ್ಲ.

ವಿಮಾನದಲ್ಲಿ ಕೂತು ಯೋಚಿಸಿದೆ. ನಿನಗೆ ಹೇಳದೆ ಹೊರಟದ್ದು ನನ್ನ ತಪ್ಪು. ಹೇಳಿದ್ದರೆ ನೀನು ತಡೆಯುತ್ತಿದ್ದೆ, ನಾನು ನಿಂತುಬಿಡುತ್ತಿದ್ದೆ. ಆ ಹೆದರಿಕೆಗೆ ಹೇಳಲಿಲ್ಲ. ನಿನ್ನ ತಪ್ಪನ್ನು ನೀನು ನೂರು ಜನರೆದುರು ಓದಿಸಿದೆ. ನನ್ನದನ್ನೂ ಮಿರೇಯಾಳ ಕೈಗೆ ಕೊಡು. ನೀನು ಕೇಳಿದ ಕ್ಷಮೆಯನ್ನು ಕೊಟ್ಟಿದ್ದೇನೆ, ಅದನ್ನೂ ಜೋರಾಗಿಯೇ ಓದಲಿ.

ಇಷ್ಟು ತಿಂಗಳು ಇಬ್ಬರೂ ಒಂದೇ ತಪ್ಪು ಮಾಡಿದೆವು, ಸಿಗಾರನ್ನು ನನ್ನ ಹತ್ತಿರ ತರಿಸುವ ದಾರಿ ಹುಡುಕಿದೆವು. ಅದಕ್ಕೆ ಬಾಗಿಲು ಮುಚ್ಚಿದೆ. ನನಗೆ ಮುಚ್ಚಿಲ್ಲ. ನಿನ್ನ ಊರಿನ ಪಕ್ಕದ ಕೊನ್ಸೊಲಾಸಿಯೋನ್‌ನಲ್ಲಿ ನನ್ನ ತಂಗಿ ಇದ್ದಾಳೆ, ಒಡಹುಟ್ಟಿದವರನ್ನು ನೋಡಲು ಹೋಗಬಹುದೆಂದು ಕಾನೂನಿನಲ್ಲೇ ಇದೆ. ಅಲ್ಲಿಂದ ನಿನ್ನ ಮನೆ ಎಷ್ಟು ದೂರವೆಂದು ನಿನಗೇ ಗೊತ್ತು. ಅಲ್ಲಿ ಹುಟ್ಟಿದವರಿಗೆ ಕ್ಯೂಬಾದ ಪಾಸ್‌ಪೋರ್ಟೇ ಬೇಕು, ಅದಕ್ಕೆ ಅರ್ಜಿ ಹಾಕಿದ್ದೇನೆ. ಬಂದ ತಕ್ಷಣ ಹೊರಡುತ್ತೇನೆ. ನಿನ್ನ ಕೈ ಪೂರಾ ಕೈಕೊಡುವ ಮೊದಲು ನಿನ್ನ ಪಕ್ಕದಲ್ಲಿ ಕೂತು ಟೊಪ್ಪಿಗೆಯನ್ನು ನಾನು ಅಂಟಿಸುತ್ತೇನೆ, ಉಳಿದದ್ದು ನೀನು ಸುತ್ತು. ಮರಳುವಾಗ ಒಂದನ್ನೂ ತರುವಂತಿಲ್ಲವಾದ್ದರಿಂದ ಎಲ್ಲವನ್ನೂ ಅಲ್ಲೇ ಸೇದಿ ಮುಗಿಸೋಣ.

ಬರುವಾಗ ಏನು ತರಲಿ ಎಂದು ಯಾನೆಲಿಸ್‌ಳನ್ನು ಕೇಳಿದೆ. ಅಲ್ಲಿ ಈಗ ಮೊಟ್ಟೆ ಸಿಗುವುದೇ ಕಷ್ಟ ಎಂದಳು. ಮೊಟ್ಟೆ ಒಯ್ಯುವ ನಿಯಮ ಏನೋ ನನಗೆ ಗೊತ್ತಿಲ್ಲ, ಓದಲೂ ಹೋಗುವುದಿಲ್ಲ. ಒಂದೇ ಒಂದನ್ನು ನೀನೇ ಹೇಗಾದರೂ ಹೊಂದಿಸಿ ಇಡು. ಬಿಳಿ ಅಂಗಿ ಹಾಕಿಕೊಂಡು ಬರುತ್ತೇನೆ. ಈ ಸಲ ಬಾಣಲೆಗೆ ಒಡೆದು ಹಾಕು, ಇಬ್ಬರೂ ತಿನ್ನೋಣ.

ನಿನ್ನ ಪಕ್ಕದ ಮೇಜಿನವನು,
ನಿಕಾನೋರ್